ಡೆಸ್ಕು ಹೊತ್ತು ಇಳಿದ ಹುಡುಗಿಯರು

ಅಲ್ ಐನ್
ಅಕ್ಟೋಬರ್ 14, 2024

ನಾಗಮಣಿ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಅರ್ಧಕ್ಕೆ ಇಳಿಯುತ್ತದೆ. ಮತ್ತೆ ನನ್ನ ಮಂಡಿನೋವು, ನಿನ್ನ ಗಂಡ ನಂದನನ ಆಫೀಸು ಅಂತ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಈ ಸಿಟ್ಟು ಇಳಿಯುವುದು ನನಗೆ ಬೇಡ. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಆಫೀಸಿನ ರಂಜಿತ್ ಶಾಲೆ ನಡೆಸುವ ಟ್ರಸ್ಟಿನ ಫೈಲು ಹಿಡಿದುಕೊಂಡು ವಾರಕ್ಕೊಮ್ಮೆ ದುಬೈಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನ ಬೋರ್ಡಿನಲ್ಲಿ ನೋಟಿಸು ನೋಡಿದೆ. ನಮ್ಮ ಹೈಸ್ಕೂಲನ್ನೂ ಕಾರ್ಖಾನೆಗಳಿರುವ ಸನಾಯಿಯಾ ಕಡೆಯ ಹೈಸ್ಕೂಲನ್ನೂ ಮುಚ್ಚಿ, ಎರಡರ ಬದಲು ಊರಾಚೆ ಒಂದು ಹೊಸ ಅಕಾಡೆಮಿ ತೆರೆಯುವ ಯೋಚನೆಯಂತೆ. ಮಕ್ಕಳು ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾದವರಿಗೆ ಸೀಟು, ಉಳಿದವರು ಬೇರೆ ಶಾಲೆ ಹುಡುಕಿಕೊಳ್ಳಬೇಕು. ಎಲ್ಲರ ಅಭಿಪ್ರಾಯ ಕೇಳಿಯೇ ಮುಂದುವರಿಯುತ್ತಾರಂತೆ, ನವೆಂಬರಿನಲ್ಲಿ ಸಭೆಯಂತೆ. ಕೆಳಗೆ ಯೋಜನಾ ವಿಭಾಗದ ಪರವಾಗಿ ನಿನ್ನ ಸಹಿ. ಬಾಲ ಎಳೆದ ಆ ಸಹಿಯನ್ನು ಎಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ನೋಡಿದ್ದೇನೆ. ಈಗ ನೋಟಿಸಿನಲ್ಲಿ ನೋಡಬೇಕಾಯಿತು.

ನೀನು ಇಲ್ಲಿ ಲೆಕ್ಕದ ಪಾಠ ಬಿಟ್ಟು ಟ್ರಸ್ಟಿನ ಆಫೀಸಿಗೆ ಹೋದಾಗ ಎಲ್ಲರಿಗಿಂತ ಮೊದಲು ಕೇಕ್ ತಂದವಳು ನಾನು. ಅದನ್ನು ನೆನಪಿಸುತ್ತಿಲ್ಲ. ಒಂದು ಮಾತು ಮೊದಲೇ ನನಗೆ ಹೇಳಬಹುದಿತ್ತು, ಅಷ್ಟೆ.

"ಹುಡುಕಿಕೊಳ್ಳಬೇಕು" ಅಂತ ಬರೆಯುವುದು ಸುಲಭ. ಇಲ್ಲಿ ಸೀಟು ಸಿಗದಿದ್ದರೆ ನಮ್ಮ ನರ್ಸುಗಳು, ಅಂಗಡಿಯವರು ಏನು ಮಾಡುತ್ತಾರೆ ಅಂತ ನಿನಗೆ ಗೊತ್ತುಂಟು. ಮಕ್ಕಳನ್ನೂ ತಾಯಿಯನ್ನೂ ಊರಿಗೆ ಕಳಿಸಿ, ಮನೆ ಖಾಲಿ ಮಾಡಿ, ಅಪ್ಪ ಯಾರದೋ ರೂಮಿನಲ್ಲಿ ಒಂದು ಮಂಚದ ಜಾಗ ಹಿಡಿಯುತ್ತಾನೆ. ಮತ್ತೆ ಆ ಮನೆ ಒಂದಾಗುವುದು ಮದುವೆಗೋ ಸಾವಿಗೋ.

ನೀನು ಹೋದ ಮೇಲೆ ಬಂದ ಒಬ್ಬ ಹುಡುಗಿಯ ವಿಷಯ ಹೇಳಬೇಕು. ನಸೀಬಾ. ಅಮ್ಮ ಜಮೀಲ ಉಳ್ಳಾಲದವಳು, ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅಪ್ಪನಿಗೆ ಕೆಫೆಟೇರಿಯಾದಲ್ಲಿ ಕೆಲಸ. ಹುಡುಗಿಗೆ ಹುಟ್ಟಿನಿಂದ ಕಾಲಿಗೆ ಬಲವಿಲ್ಲ, ವೀಲ್‌ಚೇರಿನಲ್ಲಿ ಬರುತ್ತಾಳೆ. ಈ ಏಪ್ರಿಲಿನಲ್ಲಿ ಅವಳು ಒಂಬತ್ತನೇ ಕ್ಲಾಸಿಗೆ ಬಂದಳು. ಒಂಬತ್ತನೇ ಕ್ಲಾಸು ಮೇಲಿನ ಮಹಡಿಯಲ್ಲಿ, ನಮ್ಮಲ್ಲಿ ಲಿಫ್ಟ್ ಇಲ್ಲ. ಏನು ಮಾಡುವುದು ಅಂತ ಪ್ರಿನ್ಸಿಪಾಲರು ಮೀಟಿಂಗ್ ಕರೆದರು. ನಾವು ದೊಡ್ಡವರೆಲ್ಲ ಕೂತು ಮಾತಾಡುತ್ತಿದ್ದಾಗ ಹೊರಗೆ ದಡಬಡ ಸದ್ದು. ಎದ್ದು ನೋಡಿದರೆ ಕ್ಲಾಸಿನ ಹುಡುಗಿಯರೆಲ್ಲ ಡೆಸ್ಕು, ಬೆಂಚು ಹೊತ್ತುಕೊಂಡು ಮೆಟ್ಟಿಲು ಇಳಿಯುತ್ತಿದ್ದಾರೆ. ಕೆಳಗಿನ ಹಳೆ ಡ್ರಾಯಿಂಗ್ ರೂಮಿಗೆ. ಯಾರೂ ಹೇಳಿರಲಿಲ್ಲ. ಎಂತ ಇದು ಅಂತ ಕೇಳಿದೆ.

"ಅವಳಿಗೆ ಹತ್ತಲಿಕ್ಕೆ ಆಗುವುದಿಲ್ಲ ಮಿಸ್. ನಮಗೆ ಇಳಿಯಲಿಕ್ಕೆ ಆಗುತ್ತದೆ," ಅಂದಳು ಆನ್ ಮರಿಯಾ.

ಆನ್ ಮರಿಯಾ ಪ್ರತಿ ಪರೀಕ್ಷೆಯಲ್ಲೂ ವಿಜ್ಞಾನದಲ್ಲಿ ಫೇಲಾಗುವವಳು. ನಿಮ್ಮ ಪ್ರವೇಶ ಪರೀಕ್ಷೆಯಲ್ಲೂ ಆಗುತ್ತಾಳೆ. ಆ ದಿನ ಮೆಟ್ಟಿಲ ಬುಡದಲ್ಲಿ ನಿಂತು ನಾನು ಅವಳನ್ನು ನೋಡಿದ್ದು, ಯಾವುದೋ ದೊಡ್ಡದರ ಎದುರು ನಿಂತವಳ ಹಾಗೆ.

ಉತ್ತರ ಬರೆಯುವ ಮನಸ್ಸಿದ್ದರೆ ಬರೆ.

ಎಮಿಲಿಯಾ


ಡಿಸ್ಕವರಿ ಗಾರ್ಡನ್ಸ್, ದುಬೈ
ಅಕ್ಟೋಬರ್ 27, 2024

ಎಮಿಲಿಯಾ ಟೀಚರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತು.

ಎರಡೂ ಕಟ್ಟಡಗಳು ಇನ್ನು ಹೆಚ್ಚು ಕಾಲ ತಡೆಯುವುದಿಲ್ಲ ಅಂತ ಎಂಜಿನಿಯರುಗಳು ಬರೆದುಕೊಟ್ಟಿದ್ದಾರೆ. ಸನಾಯಿಯಾ ಶಾಲೆಯ ಹಿಂದಿನ ಸಾಲಿನ ಕೋಣೆಗಳಲ್ಲಿ ಈ ಬೇಸಿಗೆಯಲ್ಲಿ ಏಸಿ ನೀರು ಸೀಲಿಂಗಿನಿಂದ ಮಕ್ಕಳ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನ ನಾನೇ ಹೋಗಿ ನೋಡಿ ಬಂದೆ. ರಿಪೇರಿ ಮಾಡಿ ನಡೆಸೋಣ ಅಂದರೆ ಅನುಮತಿ ಸಿಗೋದು ಕಷ್ಟ. ಹೊಸ ಕಟ್ಟಡ ಬೇಕೇ ಬೇಕು, ಅದು ಎದ್ದು ನಿಂತೂ ಆಗಿದೆ. ಅದರಲ್ಲಿ ಹೊರಗಿನ ಮಕ್ಕಳಿಗೂ ಸೀಟು ಇಡಬೇಕು ಅಂತ ಟ್ರಸ್ಟಿನವರ ಅಭಿಪ್ರಾಯ. ಅದಕ್ಕೇ ಪರೀಕ್ಷೆ.

ನಸೀಬಾ ವಿಷಯ ಓದಿದ ಮರುದಿನವೇ ಸಮಿತಿಯಲ್ಲಿ ಮಾತಾಡಿದೆ. ಅವಳಿಗೆ ಪರೀಕ್ಷೆ ಇಲ್ಲದೆ ಸೀಟು ಅಂತ ತೀರ್ಮಾನವಾಗಿದೆ. ಅಕಾಡೆಮಿಯ ಪರಿಚಯ ಪುಸ್ತಿಕೆಯಲ್ಲಿ ಅವಳ ಫೋಟೋ ಹಾಕಬೇಕು ಅಂತಲೂ ಇದ್ದಾರೆ. ಅಲ್ಲಿ ಲಿಫ್ಟ್ ಇದೆ. ಯಾರೂ ಡೆಸ್ಕು ಹೊರಬೇಕಾಗಿಲ್ಲ.

ಮುಂದಿನ ತಿಂಗಳು ಎರಡೂ ಶಾಲೆಯ ಟೀಚರುಗಳನ್ನ ಕಟ್ಟಡ ನೋಡೋದಕ್ಕೆ ಕರೆದುಕೊಂಡು ಹೋಗುತ್ತಾರೆ. ನೀವು ಬರಬೇಕು. ನೋಡದೆ ಬೇಡ ಅನ್ನಬೇಡಿ. ಸಭೆ ಬರೀ ಶಾಸ್ತ್ರಕ್ಕೆ ಅಂತಲೂ ತಿಳಿಯಬೇಡಿ. ಅಲ್ಲಿ ಬಂದ ಮಾತು ಟ್ರಸ್ಟಿನ ಮುಂದೆ ಹೋಗುತ್ತದೆ, ಅದಕ್ಕೆ ನಾನು ಜವಾಬ್ದಾರಿ.

ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ?

ನಿಮ್ಮ
ನಾಗಮಣಿ


ಅಲ್ ಐನ್
ನವೆಂಬರ್ 10, 2024

ನಾಗಮಣಿ,

ನಿನ್ನೆ ಹೋಗಿ ನೋಡಿ ಬಂದೆ. ನೀನು ಬಂದಿರುತ್ತೀ ಅಂತ ಎಣಿಸಿದ್ದೆ, ಇರಲಿಲ್ಲ. ಅಕಾಡೆಮಿಯ ವಿಜ್ಞಾನ ವಿಭಾಗಕ್ಕೆ ಬಂದಿರುವ ಹೊಸ ಹುಡುಗ ಸುಜಿತ್ ತೋರಿಸಿದ. ಮಾತು ಕಡಿಮೆ, ಮುಖ ಗಂಟು. ಆದರೆ ಕಲಿಸುವ ಕೈ ಅಂತ ಗೊತ್ತಾಗುತ್ತದೆ.

ಬಸ್ಸಿನಲ್ಲಿ ಹೋಗುವಾಗ ನಮ್ಮವರೆಲ್ಲ ಏನೇನೋ ಹೇಳಿಕೊಂಡು ನಗುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೆ ಎಲ್ಲರ ಬಾಯಿ ನಿಂತಿತು, ಇಗರ್ಜಿಯ ಬಾಗಿಲು ದಾಟಿದ ಹಾಗೆ. ಮೇಲೆ ಎಷ್ಟೋ ಎತ್ತರದಲ್ಲಿ ಮಾಡು. ಮಾಡಿನ ತುಂಬ ಸಣ್ಣ ಸಣ್ಣ ಕಿಂಡಿ. ಖರ್ಜೂರದ ತೋಟದೊಳಗೆ ಬೀಳುವ ಹಾಗೆ ಬಿಸಿಲು ತುಂಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಇಂಥದನ್ನು ಹೋಟೆಲಿಗೆ ಕಟ್ಟುತ್ತಾರೆ, ಮಾಲಿಗೆ ಕಟ್ಟುತ್ತಾರೆ. ಮಕ್ಕಳಿಗೂ ಕಟ್ಟುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಲ್ಯಾಬು ಮೇಲಿನ ಮಹಡಿಯಲ್ಲಿ. ಅದರ ಪಕ್ಕ ಬೆಳಕಿನ ಪಾಠಕ್ಕೆ ಅಂತಲೇ ಒಂದು ಕತ್ತಲೆ ಕೋಣೆ. ನಾನು ಬೆಳಕಿನ ಪಾಠ ಹೇಗೆ ಮಾಡುತ್ತಿದ್ದೆ ಅಂತ ನೀನು ನೋಡಿದ್ದೀ. ಕಿಟಕಿಗೆ ಪೇಪರು ಅಂಟಿಸಿ, ಅದರ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು. ಆದರೂ ಎಲ್ಲಿಂದಲೋ ಬಿಸಿಲು ನುಗ್ಗುತ್ತಿತ್ತು. ಇಲ್ಲಿ ಸುಜಿತ್ ಬಾಗಿಲು ಹಾಕಿದ, ಅಷ್ಟೆ. ನನ್ನ ಕೈ ನನಗೆ ಕಾಣಲಿಲ್ಲ. ಆಮೇಲೆ ಎಲ್ಲಿಯೋ ಒಂದು ಸೀಳು ತೆರೆದ. ಹೊರಗಿನ ಬಿಸಿಲು ಒಂದು ಗೆರೆಯಾಗಿ ಒಳಗೆ ಬಂದು ಗಾಜಿನ ಪಟ್ಟಕಕ್ಕೆ ತಾಗಿ, ಎದುರಿನ ಗೋಡೆಯ ಮೇಲೆ ಬಣ್ಣ ಬಿಚ್ಚಿಕೊಂಡಿತು ಮಾರಾಯ್ತಿ. ನಾನು ಇಷ್ಟು ವರ್ಷ ಮಕ್ಕಳಿಗೆ ತೋರಿಸಿದ ಬಣ್ಣದ ಪಟ್ಟಿ ಬೆರಳಿನಷ್ಟು ಅಗಲ. ಇದು ಗೋಡೆಯ ಈ ಕೊನೆಯಿಂದ ಆ ಕೊನೆಗೆ. ಎದ್ದು ಹೋಗಿ ಕೈ ಒಡ್ಡಿದೆ. ಕೈ ನೇರಳೆಯಾಯಿತು, ಹಸಿರಾಯಿತು, ಕೆಂಪಾಯಿತು. ಕತ್ತಲೆ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಸುಜಿತ್‌ಗೆ ನನ್ನ ಮುಖ ಕಾಣುತ್ತಿತ್ತು.

ನನ್ನ ಮಕ್ಕಳಿಗೆ ಇದು ಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟೂ ಬಂತು. ಆ ಕೋಣೆಯಲ್ಲಿ ಆನ್ ಮರಿಯಾ ನಿಲ್ಲುವುದಿಲ್ಲ, ಯಾಕೆಂದರೆ ಅವಳು ಪರೀಕ್ಷೆಯಲ್ಲಿ ಬೆಳಕಿನ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಆ ಬಣ್ಣ ಒಂದು ಸಲ ಕೈಮೇಲೆ ಬಿದ್ದಿದ್ದರೆ ಬರೆಯುತ್ತಿದ್ದಳೋ ಏನೋ.

ಇನ್ನೊಂದು. ನಿನ್ನ ಪತ್ರದಲ್ಲಿ ಕಟ್ಟಡ ಇತ್ತು, ಸೀಟು ಇತ್ತು, ಲಿಫ್ಟ್ ಇತ್ತು. ಟೀಚರುಗಳ ಕೆಲಸ ಏನಾಗುತ್ತದೆ ಅಂತ ಒಂದು ಸಾಲೂ ಇರಲಿಲ್ಲ. ಕೇಳುತ್ತಿಲ್ಲ. ಗಮನಿಸಿದೆ ಅಂತ ಹೇಳಿದೆ.

ಎಮಿಲಿಯಾ


ಅಲ್ ಐನ್
ನವೆಂಬರ್ 24, 2024

ಪ್ರಿಯ ನಾಗಮಣಿ,

ನಿನ್ನೆಯ ಸಭೆಗೆ ನೀನೂ ಇದ್ದೆ, ನಾನೂ ಇದ್ದೆ. ಆದರೂ ಬರೆಯಬೇಕು ಅನ್ನಿಸುತ್ತಿದೆ. ವೇದಿಕೆಯ ಮೇಲೆ ಕೂತವರಿಗೆ ಕಾಣುವುದೇ ಬೇರೆ. ಕೆಳಗಿನಿಂದ ಹೇಗಿತ್ತು ಅಂತ ಕೇಳು.

ಇಷ್ಟು ಜನ ಬರುತ್ತಾರೆ ಅಂತ ನಾವು ಎಣಿಸಿರಲಿಲ್ಲ. ಹಾಲು ತುಂಬಿ ಅಂಗಳಕ್ಕೆ ಕುರ್ಚಿ ಹಾಕಿದೆವು. ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದವರು, ಅಂಗಡಿಗೆ ಬೀಗ ಹಾಕಿ ಬಂದವರು, ಟ್ಯಾಕ್ಸಿ ಗೇಟಿನ ಹತ್ತಿರವೇ ನಿಲ್ಲಿಸಿದವರು. ಮಕ್ಕಳೇ ಇಲ್ಲದ ಕೆಲವರೂ ಬಂದಿದ್ದರು, ಯಾವಾಗಲೋ ಇಲ್ಲಿ ಓದಿದವರು. ಒಬ್ಬೊಬ್ಬರಿಗೆ ಎರಡು ನಿಮಿಷ, ಆಮೇಲೆ ಗಂಟೆ ಅಂತ ನೀವು ನಿಯಮ ಮಾಡಿದಿರಿ. ಎಲ್ಲರೂ ಬೇಡ ಅನ್ನಲಿಲ್ಲ. ಸನಾಯಿಯಾ ಕಡೆಯ ಒಬ್ಬ ತಂದೆ ಬೇಗ ತೆರೆಯಿರಿ, ನಮ್ಮ ಮಕ್ಕಳು ಒದ್ದೆ ಪುಸ್ತಕ ಓದುತ್ತಿದ್ದಾರೆ ಅಂದಾಗ ನಮ್ಮ ಕಡೆಯವರೂ ಚಪ್ಪಾಳೆ ತಟ್ಟಿದರು.

ಆಮೇಲೆ ಜಮೀಲ ಬಂದಳು. ಬುರ್ಖಾದ ತುದಿ ಹಿಡಿದುಕೊಂಡು, ಮೈಕಿನ ಹತ್ತಿರ ಹೋಗಲೋ ಬೇಡವೋ ಅಂತ. ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧ ಹೇಳಿದ ಹಾಗೆ ಆಗುತ್ತದೆ, ಶಾಲೆಯಲ್ಲಿ ಕಲಿತದ್ದು ಕನ್ನಡ, ಕನ್ನಡದಲ್ಲಿ ಹೇಳಬಹುದಾ ಅಂತ ಕೇಳಿದಳು. ಅಧ್ಯಕ್ಷರು ಆಚೀಚೆ ನೋಡಿದರು. ನೀನು ಮೈಕು ಎಳೆದುಕೊಂಡೆ.

ಅವಳು ಒಂದೊಂದೇ ವಾಕ್ಯ ಹೇಳಿದಳು, ನೀನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ಮಾಡಿದೆ. ಮಗಳು ಹುಟ್ಟಿದ್ದು, ಬೇರೆ ಶಾಲೆಗಳವರು ನೋಡುತ್ತೇವೆ ಅಂತ ಹೇಳಿ ಕಳಿಸಿದ್ದು, ಇಲ್ಲಿ ಸೇರಿದ್ದು, ಡೆಸ್ಕು ಇಳಿದು ಬಂದದ್ದು. ಅಷ್ಟಕ್ಕೆ ಗಂಟೆ ಹೊಡೆಯಿತು. ಅವಳು ತಕ್ಷಣ ಸಲಾಂ ಹೇಳಿ ಹಿಂದೆ ಸರಿದಳು. ಅವಳ ಹಿಂದೆ ನಿಂತಿದ್ದದ್ದು ಆನ್ಸೆಲ್ಮ್, ಆಸ್ಪತ್ರೆಯ ಎಕ್ಸ್‌ರೇಯವರು, ಆನ್ ಮರಿಯಾಳ ಅಪ್ಪ. ಬರೆದು ತಂದ ಕಾಗದವನ್ನು ಮಡಚಿ ಜೇಬಿಗೆ ಹಾಕಿ, ನನ್ನ ಸಮಯ ಈ ತಾಯಿಗೆ ಅಂದರು. ಅದು ಮುಗಿದಾಗ ಅವರ ಹಿಂದಿನವರು. ಮತ್ತೆ ಅವರ ಹಿಂದಿನವರು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಹೋಗಿ ಕುರ್ಚಿಯಲ್ಲಿ ಕೂತರು. ಆ ಸಾಲಿನಲ್ಲಿ ಮಲಯಾಳಿಗಳು, ಪಾಕಿಸ್ತಾನದವರು, ಒಬ್ಬ ಸುಡಾನಿ. ಅವಳ ಭಾಷೆ ಅವರಿಗೆ ತಿಳಿಯದು. ನಾನೂ ಸಾಲಿನಲ್ಲಿದ್ದೆ. ವಾರಗಟ್ಟಲೆ ತಯಾರಿ ಮಾಡಿದ ನನ್ನ ಭಾಷಣವೂ ಅವಳಿಗೇ ಹೋಯಿತು.

ಅವಳು ಕೊನೆಗೆ ಹೇಳಿದ್ದನ್ನು ನೀನು ಮರೆಯುವುದಿಲ್ಲ, ಆದರೂ ಬರೆದಿಡುತ್ತೇನೆ.

"ನಿಮ್ಮ ಕಟ್ಟಡದಲ್ಲಿ ಲಿಫ್ಟ್ ಉಂಟು, ದೇವರು ನಿಮಗೆ ಒಳ್ಳೆಯದು ಮಾಡಲಿ. ನನ್ನ ಮಗಳಿಗೆ ಪರೀಕ್ಷೆ ಬೇಡ ಅಂತ ಹೇಳಿದ್ದೀರಿ. ಆದರೆ ಅವಳಿಗಾಗಿ ಡೆಸ್ಕು ಹೊತ್ತು ಇಳಿದ ಮಕ್ಕಳಿಗೆ ಪರೀಕ್ಷೆ ಉಂಟು. ಅವರು ಬರದಿದ್ದರೆ ನನ್ನ ಮಗಳೂ ಬರುವುದಿಲ್ಲ. ಅವಳ ಫೋಟೋ ನಿಮ್ಮ ಪುಸ್ತಕದಿಂದ ತೆಗೆಯಿರಿ."

ನೀನು ಅದನ್ನು ಇಂಗ್ಲಿಷಿಗೆ ಮಾಡುತ್ತಾ ನಡುವೆ ನಿಂತೆ. ಎಲ್ಲರೂ ಕಾದರು. ಆಮೇಲೆ ಪೂರ್ತಿ ಹೇಳಿದೆ, ಒಂದಕ್ಷರ ಬಿಡದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇಷ್ಟು ವರ್ಷ ಆ ಕಟ್ಟಡದಲ್ಲಿ ಪಾಠ ಮಾಡಿದ್ದೇನೆ. ಅದರೊಳಗೆ ಏನು ಬೆಳೆದಿದೆ ಅಂತ ನಿನ್ನೆ ನೋಡಿದೆ.

ನಿನ್ನ
ಎಮಿಲಿಯಾ


ಡಿಸ್ಕವರಿ ಗಾರ್ಡನ್ಸ್
ಡಿಸೆಂಬರ್ 3, 2024

ಎಮಿಲಿಯಕ್ಕ,

ರಾಷ್ಟ್ರೀಯ ದಿನದ ರಜೆ. ನಂದನ್ ಬಾವುಟ, ದೀಪ ನೋಡೋಕೆ ಹೋಗೋಣ ಬಾ ಅಂದರು. ನೀವು ಹೋಗಿ ಅಂದು ಮನೆಯಲ್ಲಿ ಉಳಿದೆ.

ನಾನು ಯಾಕೆ ನಿಂತೆ ಅಂತ ನೀವು ಕೇಳಿಲ್ಲ. ಕೇಳುವವರಲ್ಲ ನೀವು. ನಾನೇ ಹೇಳುತ್ತೇನೆ.

ಭಾಷಾಂತರ ಮಾಡುವವರು "ಈಕೆ ಹೀಗೆ ಹೇಳುತ್ತಿದ್ದಾರೆ" ಅನ್ನಬಹುದು. ಮೊದಲ ವಾಕ್ಯ ಹಾಗೇ ಶುರುಮಾಡಿದೆ. ಆಮೇಲೆ ಅದು ಸುಳ್ಳು ಅನ್ನಿಸಿತು. ಅವರು "ನಾನು" ಅಂದರೆ ನಾನೂ "ನಾನು" ಅಂದೆ. ಅವರು "ನನ್ನ ಮಗಳು" ಅಂದರೆ ನಾನೂ "ನನ್ನ ಮಗಳು" ಅಂದೆ. ನಮಗೆ ಮಕ್ಕಳಾಗಲಿಲ್ಲ, ನಿಮಗೆ ಎಲ್ಲ ಗೊತ್ತು, ಆಸ್ಪತ್ರೆಗೆ ಜೊತೆಗೆ ಬಂದವರೇ ನೀವು. ಆ ಎರಡು ಪದವನ್ನ ಬಾಯಿಬಿಟ್ಟು, ಮೈಕಿನಲ್ಲಿ, ಅಷ್ಟು ಜನರ ಮುಂದೆ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೇಳುತ್ತಾ ಹೇಳುತ್ತಾ ಅದು ನಿಜ ಅನ್ನಿಸೋಕೆ ಶುರುವಾಯಿತು. "ನನ್ನ ಮಗಳೂ ಬರುವುದಿಲ್ಲ" ಅನ್ನುವ ಹೊತ್ತಿಗೆ ಇದು ಯಾರ ಮಾತು ಅಂತಲೇ ತಿಳಿಯದೆ ನಿಂತೆ. ಎದುರಿಗಿದ್ದ ಯೋಜನೆ ನಾನು ಮಾಡಿದ್ದು. ಬೇಡ ಅನ್ನುತ್ತಿದ್ದ ಬಾಯಿಯೂ ನನ್ನದೇ.

ಜಮೀಲ ಹೊರಡುವಾಗ ನನ್ನ ಕೈ ಹಿಡಿದು, ಸರಿಯಾಗಿ ಹೇಳಿದಿರಿ ಅಕ್ಕ, ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು ಅಂದರು. ಅವರ ಬೆರಳು ಸೂಜಿ ಹಿಡಿದು ಹಿಡಿದು ಒರಟಾಗಿದೆ.

ಟ್ರಸ್ಟಿಗೆ ಕೊಡುವ ವರದಿ ಬರೆಯುತ್ತಿದ್ದೇನೆ. ಸಾರಾಂಶ ಸಾಕು ಅಂದಿದ್ದಾರೆ. ನಾನು ಪೂರ್ತಿ ಬರೆಯುತ್ತಿದ್ದೇನೆ.

ನಿಮ್ಮ
ಮಣಿ


ದುಬೈ
ಜನವರಿ 22, 2025

ಎಮಿಲಿಯಕ್ಕ,

ಇವತ್ತು ತೀರ್ಮಾನವಾಯಿತು. ನಾಳೆ ನೋಟಿಸು ಬರುತ್ತದೆ, ಅದಕ್ಕೂ ಮೊದಲು ನಿಮಗೆ ತಲುಪಲಿ ಅಂತ ರಂಜಿತ್‌ನನ್ನ ಕಾಯಿಸಿ ಬರೆಯುತ್ತಿದ್ದೇನೆ.

ಅಕಾಡೆಮಿ ಏಪ್ರಿಲಿನಲ್ಲಿ ಶುರು. ಎರಡೂ ಹೈಸ್ಕೂಲು ಮಾರ್ಚಿಗೆ ಮುಚ್ಚುತ್ತವೆ. ಪ್ರವೇಶ ಪರೀಕ್ಷೆ ಇಲ್ಲ. ಈಗಿರುವ ಮಕ್ಕಳು ಒಬ್ಬರನ್ನೂ ಬಿಡದೆ, ಕ್ಲಾಸಿಗೆ ಕ್ಲಾಸೇ, ಈಗಿನ ಫೀಸಿನಲ್ಲೇ ಹೋಗುತ್ತಾರೆ. ಹೊರಗಿನ ಮಕ್ಕಳಿಗೆ ಆಮೇಲೆ. ಬಸ್ಸು ಹಳೆಯ ಎರಡು ಗೇಟುಗಳಿಂದಲೂ ಹೊರಡುತ್ತದೆ. ಅಧ್ಯಕ್ಷರು ವರದಿ ಓದಿ ಮುಗಿಸಿ, ಅಷ್ಟು ಜನ ತಮ್ಮ ಮಾತು ಬಿಟ್ಟುಕೊಟ್ಟಿದ್ದನ್ನ ನಾನು ಎಲ್ಲೂ ನೋಡಿಲ್ಲ ಅಂದರು.

ಟೀಚರುಗಳ ವಿಷಯ. ಅರವತ್ತು ದಾಟಿದವರನ್ನ ಅಕಾಡೆಮಿ ತೆಗೆದುಕೊಳ್ಳುವುದಿಲ್ಲ. ಇದನ್ನ ಬದಲಾಯಿಸೋಕೆ ನನ್ನಿಂದ ಆಗಲಿಲ್ಲ. ಫೆಬ್ರವರಿಯಲ್ಲಿ ಯಾರ ಅರವತ್ತನೇ ಹುಟ್ಟುಹಬ್ಬ ಅಂತ ನನಗೆ ಗೊತ್ತು.

ಮಣಿ


ಅಲ್ ಐನ್
ಮಾರ್ಚ್ 16, 2025

ಪ್ರೀತಿಯ ಮಣಿ,

ನಿನ್ನ ಪತ್ರ ಬಂದು ಎರಡು ತಿಂಗಳಾಗುತ್ತಾ ಬಂತು, ಬರೆಯಲಿಲ್ಲ. ಸಿಟ್ಟಲ್ಲ. ಅರವತ್ತರ ವಿಷಯ ನನಗೆ ನಿನ್ನ ಮೊದಲ ಪತ್ರದಲ್ಲೇ ತಿಳಿದಿತ್ತು. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ ಅಂತ ಕೇಳಿದೆಯಲ್ಲ, ಆವಾಗ. ನೀನು ಬರೆಯದೆ ಬಿಟ್ಟದ್ದನ್ನು ಓದುವ ಅಭ್ಯಾಸ ನನಗೆ ಮೊದಲಿನಿಂದ ಉಂಟು.

ಮೊನ್ನೆ ಶಾಲೆಯ ಅಂಗಳದಲ್ಲಿ ಇಫ್ತಾರ್ ಇಟ್ಟಿದ್ದರು. ಸನಾಯಿಯಾ ಶಾಲೆಯ ಮಕ್ಕಳನ್ನೂ ಮನೆಯವರನ್ನೂ ಕರೆದಿದ್ದರು, ಏಪ್ರಿಲಿಗೆ ಮೊದಲು ಗುರುತಾಗಲಿ ಅಂತ. ಕ್ರೀಡಾಕೂಟದಲ್ಲಿ ಕೂದಲು ಹಿಡಿದು ಜಗಳವಾಡಿದ ಹುಡುಗಿಯರು ಒಂದೇ ಚಾಪೆಯಲ್ಲಿ ಕೂತು ಹಣ್ಣು ಹೆಚ್ಚುತ್ತಿದ್ದರು. ಜಮೀಲ ದೊಡ್ಡ ಪಾತ್ರೆಯಲ್ಲಿ ಗಂಜಿ ತಂದಿದ್ದಳು. ನಾನು ಉಪವಾಸ ಇಲ್ಲದಿದ್ದರೂ ಎಲ್ಲರ ಜೊತೆ ಕಾದೆ. ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲು ಅಷ್ಟು ಜನ ಖರ್ಜೂರ ಕೈಯಲ್ಲಿ ಹಿಡಿದು ಸುಮ್ಮನೆ ಕೂತ ಆ ಹೊತ್ತು ಉಂಟಲ್ಲ, ನಾನು ಪ್ರಾರ್ಥನೆ ಮಾಡಿದ್ದು ಯಾವ ಭಾಷೆಯಲ್ಲಿ ಅಂತ ನನಗೇ ನೆನಪಿಲ್ಲ.

ತಿಂಗಳ ಕೊನೆಗೆ ಅಬುಧಾಬಿಗೆ ಹೋಗುತ್ತೇನೆ, ಮಗ ಕ್ಲೈವ್‌ನ ಮನೆಗೆ. ಅವನ ವೀಸಾದಲ್ಲಿ ಇರಬಹುದಂತೆ. ಸೊಸೆ ಲವಿಟಾ ನನಗಾಗಿ ಕೋಣೆ ಸರಿಮಾಡಿದ್ದಾಳೆ. ಸುಜಿತ್ ಫೋನ್ ಮಾಡಿ ಒಂಬತ್ತನೇ ಕ್ಲಾಸಿನ ಹುಡುಗಿಯರ ಬಗ್ಗೆ ಕೇಳಿದ. ಆನ್ ಮರಿಯಾಳಿಗೆ ಮೊದಲು ಕತ್ತಲೆ ಕೋಣೆ ತೋರಿಸು, ಪುಸ್ತಕ ಆಮೇಲೆ ಅಂದೆ. ಬರೆದುಕೊಂಡೆ ಅಂದ.

ಏಪ್ರಿಲಿನಲ್ಲಿ ನೀನು ಅಲ್ಲಿರುತ್ತೀ. ನನ್ನ ಬದಲು ನೋಡು.

ನಿನ್ನ
ಎಮಿಲಿಯಾ


ಅಲ್ ಐನ್
ಏಪ್ರಿಲ್ 13, 2025

ಪ್ರೀತಿಯ ಎಮಿಲಿಯಕ್ಕ,

ಅಬುಧಾಬಿಯ ವಿಳಾಸಕ್ಕೆ ಇದು ನನ್ನ ಮೊದಲ ಪತ್ರ. ಶಾಲೆ ಶುರುವಾಗಿ ಒಂದು ವಾರವಾಯಿತು. ಆ ವಾರವೆಲ್ಲ ಇಲ್ಲೇ ಇದ್ದೆ.

ಮೊದಲ ದಿನ ಗಲಾಟೆಯೋ ಗಲಾಟೆ. ಬಸ್ಸು ತಪ್ಪಿದವರು, ಕ್ಲಾಸು ತಪ್ಪಿದವರು. ನಿಮ್ಮ ಹುಡುಗಿಯರಿಗೆ, ಈಗ ಹತ್ತನೇ ಕ್ಲಾಸು, ಮೂರನೇ ಪೀರಿಯಡ್ಡು ಲ್ಯಾಬು. ನಾನು ಲಿಫ್ಟಿನ ಹತ್ತಿರ ನಿಂತಿದ್ದೆ. ನಸೀಬಾ ಬಂದಳು, ಆನ್ ಮರಿಯಾ ಕುರ್ಚಿ ತಳ್ಳುತ್ತಿದ್ದಳು. ಉಳಿದವರು ಮೆಟ್ಟಿಲು ಹತ್ತಿ ಓಡಿದರು. ಬಾಗಿಲು ತೆರೆದಾಗ ನಸೀಬಾ ಒಳಗೆ ಹೋಗಲಿಲ್ಲ. ಹಿಂತಿರುಗಿ ಏನೋ ಹೇಳಿದಳು. ಆನ್ ಮರಿಯಾ ಕೈ ಬಿಟ್ಟು ಮೆಟ್ಟಿಲ ಕಡೆ ಹೋದಳು. ಹುಡುಗಿ ಒಬ್ಬಳೇ ಚಕ್ರ ತಿರುಗಿಸಿಕೊಂಡು ಒಳಗೆ ಹೋಗಿ, ಒಬ್ಬಳೇ ಗುಂಡಿ ಒತ್ತಿದಳು.

ನಾನೂ ಮೆಟ್ಟಿಲಲ್ಲಿ ಓಡಿದೆ. ಈ ವಯಸ್ಸಿಗೆ.

ಲ್ಯಾಬಿನಲ್ಲಿ ಸುಜಿತ್ ಹಾಜರಿ ಕರೆಯುತ್ತಿದ್ದರು. ನಸೀಬಾ ತನ್ನ ಜಾಗಕ್ಕೆ ಹೋಗಲಿಲ್ಲ. ಮೇಜುಗಳ ಮಧ್ಯೆ ನಿಧಾನ ಹೋಗಿ ದೊಡ್ಡ ಕಿಟಕಿಯ ಮುಂದೆ ಕುರ್ಚಿ ನಿಲ್ಲಿಸಿದಳು. ಕಿಟಕಿ ನೆಲದಿಂದಲೇ ಶುರುವಾಗುತ್ತದೆ, ಕೂತವರಿಗೂ ಎಲ್ಲ ಕಾಣುತ್ತದೆ. ಸುಜಿತ್ ಹೆಸರು ಕರೆದರು. ಅವಳಿಗೆ ಕೇಳಲಿಲ್ಲ. ಅವರು ಇನ್ನೊಂದು ಸಲ ಕರೆಯಲು ಬಾಯಿ ತೆರೆದು, ಅವಳ ಕಡೆ ನೋಡಿ, ಪುಸ್ತಕ ಮುಚ್ಚಿದರು. ಇಡೀ ಕ್ಲಾಸು ಅವಳ ಕಡೆ ತಿರುಗಿತು. ಸನಾಯಿಯಾ ಹುಡುಗಿಯರೂ.

ನಾನು ಹತ್ತಿರ ಹೋದೆ. ದೂರದಲ್ಲಿ ಜಬಲ್ ಹಫೀತ್ ಬೆಟ್ಟ, ಬುಡದಿಂದ ತುದಿಯವರೆಗೆ. ಅದರ ಈಚೆ ಊರು. ಊರಿನ ನಡುವೆ ಖರ್ಜೂರದ ತೋಟ, ಅಕ್ಕ. ಒಂದು ತೋಟವಲ್ಲ. ಎಲ್ಲೆಲ್ಲೂ. ಗಾಳಿಗೆ ಅಷ್ಟೂ ಮರಗಳ ತಲೆ ಒಟ್ಟಿಗೆ ಹೊರಳುತ್ತಿತ್ತು. ಇಷ್ಟು ವರ್ಷ ಈ ಊರಿನಲ್ಲಿ ಬದುಕಿದ್ದ ನನಗೂ ಅದು ಗೊತ್ತಿರಲಿಲ್ಲ.

ಇಷ್ಟು ಮೇಲೆ ಯಾವತ್ತೂ ಬಂದಿರಲಿಲ್ಲವಾ ಅಂತ ಮೆಲ್ಲಗೆ ಕೇಳಿದೆ. ಆಸ್ಪತ್ರೆಯಲ್ಲಿ ಬಂದಿದ್ದೇನೆ, ಆದರೆ ಮಲಗಿಕೊಂಡು, ಕಾಣುತ್ತಿದ್ದದ್ದು ಸೀಲಿಂಗು ಅಂದಳು. ತೋಟದ ಪಕ್ಕದ ದಾರಿಯಲ್ಲಿ ದಿನಾ ಹೋಗುತ್ತಿದ್ದಳಂತೆ. ಅಲ್ಲಿಂದ ಮಣ್ಣಿನ ಗೋಡೆ ಕಾಣುತ್ತದೆ, ಒಳಗೆ ಹೋದರೆ ಬರೀ ಕಾಂಡ. ಎಲೆ ಎಲ್ಲ ಆಕಾಶದಲ್ಲಿ.

ಅವಳು ಗಾಜಿಗೆ ಅಂಗೈ ಊರಿದಳು. ಕಣ್ಣು ತೆಗೆಯಲಿಲ್ಲ.

"ಮಿಸ್," ಅಂದಳು, "ನಾವು ಇಷ್ಟು ಹಸಿರಿನ ಒಳಗೆ ಇದ್ದೆವಾ?"

ನಿಮ್ಮ
ಮಣಿ